ಕುಂಕುಮಕ್ಕೆ ವಾರಂಟಿ ಇಲ್ಲ

ಹೊಸ ಗ್ರಾಫಿಕ್ಸ್ ಕಾರ್ಡಿನ ವಾರಂಟಿ ಎಷ್ಟು ದಿನ? ಡಬ್ಬದ ಮೇಲೆ ಮೂರು ವರ್ಷ ಎಂದಿತ್ತು. ನಮ್ಮ ಮನೆಯಲ್ಲಿ ಅದು ನಾಲ್ಕು ನಿಮಿಷ ಇತ್ತು.

ಕಾರ್ಡನ್ನು ಮೇಜಿನ ಮೇಲಿಟ್ಟು ಸ್ಕ್ರೂಡ್ರೈವರ್ ಹುಡುಕಲು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ಅಮ್ಮ ಅದಕ್ಕೆ ಕುಂಕುಮ ಇಟ್ಟಾಗಿತ್ತು. (ಒಣ ಕುಂಕುಮ ನಿಲ್ಲುವುದಿಲ್ಲವೆಂದು ತೆಂಗಿನೆಣ್ಣೆಯಲ್ಲಿ ಕಲಸಿ.) ಕಾರ್ಡಿನ ಮೂಲೆಯಲ್ಲಿ ಬಟಾಣಿ ಗಾತ್ರದ ಬೊಟ್ಟು.

ನಮ್ಮ ಮನೆಗೆ ಹೊಸತಾಗಿ ಬಂದದ್ದಕ್ಕೆಲ್ಲ ಇದೇ ಮರ್ಯಾದೆ. ಪಂಪ್‌ಸೆಟ್ಟು, ಮಿಕ್ಸಿ, ಸೈಕಲ್ಲು. ನನ್ನ ಬಿ.ಕಾಂ. ಸರ್ಟಿಫಿಕೇಟಿಗೂ. ನಮ್ಮ ಕುಟುಂಬದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. (ಅಕೌಂಟೆನ್ಸಿ ಎರಡು ಸಲ ಬರೆದೆ. ಆದರೂ ಮುಗಿಸಿದೆ.) ಬೆಳಿಗ್ಗೆ ದನ ಕರೆದು, ಡೇರಿಗೆ ಹಾಲು ಹಾಕಿ, ಬಾರ್ಕೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ತಂದ ಡಿಗ್ರಿ. ಆ ಸರ್ಟಿಫಿಕೇಟಿನ ಮೂಲೆಯಲ್ಲಿ ಈಗಲೂ ಕೆಂಪು ಬೊಟ್ಟಿದೆ. ಜೆರಾಕ್ಸಿನಲ್ಲಿ ಕಪ್ಪಾಗಿ ಬರುತ್ತದೆ. ಇದುವರೆಗೆ ಯಾವ ಆಫೀಸೂ ಪ್ರಶ್ನೆ ಕೇಳಿಲ್ಲ.

ಈ ಅಂಕಣ ಟೈಪ್ ಮಾಡುವ ಕಂಪ್ಯೂಟರಿನ ಪರದೆ ವಾಕ್ಯದ ನಡುವೆ ಕಪ್ಪಾಗುತ್ತಿತ್ತು. ಅದಕ್ಕಾಗಿ ಹೊಸ ಕಾರ್ಡು. ಕೂರಿಸಿ ಸ್ವಿಚ್ ಹಾಕಿದೆ. ಪರದೆ ತುಂಬ ನೇರಳೆ ಗೆರೆಗಳು. ಸೀರೆಗಾದರೆ ಚೆನ್ನಾಗಿತ್ತು.

‘ಎಲ್ಲ ನಿನ್ ಕುಂಕ್ಮದಿಂದ್ಲೇ’ ಅಂದುಬಿಟ್ಟೆ.

ಓದಿದವನ ಮಾತಲ್ಲವೇ? ಅಮ್ಮ ನಂಬಿದಳು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಲ್ಲಿ ನಿಂತು ಮೆಲ್ಲ ಕೇಳಿದಳು: ‘ನಾನ್ ಬೊಟ್ಟ್ ಇಟ್ಟದ್ದಕ್ಕೇ ಹಾಳಾಯ್ತಾ ಮಗಾ?’

ನಾನು ಕಾರ್ಡು ಬಿಚ್ಚಿ ಡಬ್ಬಕ್ಕೆ ತುಂಬುತ್ತಿದ್ದೆ.

ಮರುದಿನ ಕುಂದಾಪುರದ ಅಂಗಡಿಗೆ ಹೋದೆ. ಅಂಗಡಿಯವರು ಕಾರ್ಡನ್ನು ತಿರುಗಿಸಿ ನೋಡಿ, ತಮ್ಮ ಕಂಪ್ಯೂಟರಿಗೆ ಹಾಕಿದರು. ಅಲ್ಲಿಯೂ ನೇರಳೆ. ಕಾರ್ಡು ಕಂಪೆನಿಯಿಂದ ಬರುವಾಗಲೇ ಹಾಳು, ಅದಕ್ಕೂ ಕುಂಕುಮಕ್ಕೂ ಏನೇನೂ ಸಂಬಂಧವಿಲ್ಲ ಎಂದರು. ‘ಆರೆ ಕಂಪೆನಿಯರ್ ಕಲೆ ಇದ್ದದ್ದ್ ತಕಂಬುದಿಲ್ಲೆ ಮಾರಾಯ್ರೆ.’ ಕಲೆ ಬಿದ್ದರೆ ವಾರಂಟಿ ಹೋಯಿತಂತೆ.

ಅವರದೇ ಮಾನಿಟರಿನ ಮೇಲೆ ಆಯುಧಪೂಜೆಯ ಮೂರು ಬೊಟ್ಟುಗಳಿದ್ದವು. ಬೆರಳು ತೋರಿಸಿ, ಅದೆಂತ ಎಂದು ಕೇಳಿದೆ.

‘ಅದ್ರದ್ ವಾರಂಟಿ ಮುಗ್ದಿತ್’ ಎಂದರು.

ಕಳಿಸಿ ನೋಡೋಣ ಎಂದು ಕೊನೆಗೆ ಒಂದು ಫಾರಂ ಕೊಟ್ಟರು. ‘ಕಲೆಗೆ ಕಾರಣ’ ಎಂದು ಇಂಗ್ಲಿಷಿನಲ್ಲಿ ಒಂದು ಕಾಲಂ. ದೂರದ ಯಾವುದೋ ಊರಿನ ಆಫೀಸಿಗೆ ಕುಂಕುಮವನ್ನು ಒಂದು ಗೆರೆಯಲ್ಲಿ ಹೇಗೆ ವಿವರಿಸುವುದು? ತುಂಬ ಹೊತ್ತು ಪೆನ್ನು ಹಿಡಿದುಕೊಂಡು ನಿಂತೆ. ಕೊನೆಗೆ ‘ಮದರ್’ ಎಂದು ಬರೆದು ಸಹಿ ಹಾಕಿದೆ. ಅಂಗಡಿಯವರು ಓದಿದರು, ಪಿನ್ ಹೊಡೆದರು.

ಕುಂಕುಮದ ತಪ್ಪಲ್ಲ ಎಂದು ಮನೆಗೆ ಬಂದು ಅಮ್ಮನಿಗೆ ಹೇಳಬೇಕಿತ್ತು. ಹೇಳಲಿಲ್ಲ. (ಡಿಗ್ರಿಯಲ್ಲಿ ಇದರ ಪೇಪರ್ ಇರಲಿಲ್ಲ.) ಆಮೇಲೆ ಅಮ್ಮ ಕಂಪ್ಯೂಟರ್ ಇದ್ದ ಕೋಣೆಗೆ ಕಾಲಿಡಲಿಲ್ಲ. ಗುಡಿಸುವಾಗಲೂ ಹೊಸ್ತಿಲ ತನಕ ಮಾತ್ರ. ಚಹಾವನ್ನೂ ಹೊರಗಿನಿಂದಲೇ ಚಾಚುತ್ತಿದ್ದಳು. ಆ ವಾರ ಮನೆಗೆ ಹೊಸ ಕುಕ್ಕರ್ ಬಂತು. ಅದಕ್ಕೆ ಬೊಟ್ಟು ಬೀಳಲಿಲ್ಲ.

ಮೂರು ವಾರದ ಮೇಲೆ ಬದಲಿ ಕಾರ್ಡು ಬಂತು. ಸೀಲ್ ಹಾಕಿದ ಹೊಸ ಡಬ್ಬ. ಅದನ್ನು ಒಡೆದು, ಕುಂಕುಮದ ಕರಡಿಗೆ ತಂದು, ‘ಇಡ್’ ಎಂದು ಅಮ್ಮನ ಮುಂದೆ ಹಿಡಿದೆ. ಅವಳು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. ಆದರೆ ಕಣ್ಣು ಕಾರ್ಡಿನ ಮೇಲೆಯೇ ಇತ್ತು. ಬಗ್ಗಿ ನೋಡಿದಳು. ಕನ್ನಡಕ ತಂದು ಇನ್ನೊಮ್ಮೆ ನೋಡಿದಳು.

‘ಇದ್ಕ್ ಆಗ್ಳೇ ಯಾರೋ ಅರ್ಶಿಣ ಹಚ್ಚಿರಲೆ ಮಗಾ.’

ಹೌದು. ಕಾರ್ಡಿನ ಪುಟ್ಟ ಫ್ಯಾನಿನ ಬುಡದಲ್ಲಿ, ಒರೆಸಿದರೂ ಹೋಗದ ಹಳದಿ. ಯಾವ ಊರಿನ ಯಾವ ತಾಯಿಯೋ! ಹಾಳಾಗಿ ಬಂದ ಕಾರ್ಡುಗಳನ್ನು ಕಂಪೆನಿ ರಿಪೇರಿ ಮಾಡಿ ಹೊಸ ಡಬ್ಬದಲ್ಲಿ ಕಳಿಸುತ್ತದೆಂದು ನನಗೆ ಗೊತ್ತಾದದ್ದು ಹೀಗೆ. ಮ್ಯಾನುವಲ್ಲನ್ನು ನಾನು ಎರಡು ಸಲ ಓದಿದ್ದೆ. ಅದರಲ್ಲಿ ಇದಿರಲಿಲ್ಲ.

ಕಾರ್ಡು ಹಾಕಿದೆ. ಪರದೆ ಶುಭ್ರ. ಆಗ ಹೇಳಿದೆ, ಕುಂಕುಮದ ತಪ್ಪಲ್ಲವೆಂದು ಅಂಗಡಿಯವರು ಅವತ್ತೇ ಹೇಳಿದ್ದರು ಅಂತ.

ಅಮ್ಮ ಕನ್ನಡಕ ತೆಗೆದಳು. ‘ಇಷ್ಟ್ ಹೇಳುಕೆ ಮೂರ್ ವಾರ ಬೇಕಾಯ್ತಾ? ನಿನ್ ಕಂಪೆನಿಯರ್ ಅಷ್ಟ್ರೊಳಗೆ ಕಾರ್ಡೇ ಕಳ್ಸಿರ್.’

ಆಮೇಲೆ ಕರಡಿಗೆ ತೆಗೆದುಕೊಂಡು ಕುಕ್ಕರಿನ ಕಡೆ ಹೋದಳು.

ನಮ್ಮ ಹಳೆಯ ಕಾರ್ಡು ಈಗ ಯಾರ ಮನೆಯಲ್ಲಿ ಹೊಸದಾಗಿದೆಯೋ ಗೊತ್ತಿಲ್ಲ. ನಿಮ್ಮ ಹೊಸ ಕಾರ್ಡಿನ ಮೂಲೆಯಲ್ಲಿ ಸಣ್ಣ ಕೆಂಪು ಕಲೆ ಕಂಡರೆ ಒರೆಸಬೇಡಿ. ಕಾರ್ಡು ಹಾಳಾದದ್ದು ಅದರಿಂದಲ್ಲ.