ಓಡಲು ಹೋದವನು, ಓಡಿಹೋದವನು

ನಾನು ಮನೆ ಬಿಟ್ಟು ಓಡಿಹೋದ ಸುದ್ದಿ ನನಗೆ ತಿಳಿದದ್ದು, ಮನೆಯಲ್ಲೇ ಕೂತು ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದಾಗ.

ಮುಂಬಯಿ ಪಕ್ಕದ ಠಾಣೆ ಊರಿನಿಂದ ಚಿಕ್ಕಮ್ಮನ ಫೋನು ಬಂದಿತ್ತು. ಚಿಕ್ಕಮ್ಮ ನನ್ನ ಹೆಂಡತಿಗೆ ಬಲು ದೂರದ ಸಂಬಂಧ. ಆದರೆ ನಮ್ಮ ಮಗಳಿಗೆ ವಾಶಿಯ ಹುಡುಗನೊಬ್ಬನನ್ನು ತೋರಿಸಿದವರು ಅವರೇ ಆದ್ದರಿಂದ ಆ ಚಳಿಗಾಲದಲ್ಲಿ ನಮಗೆ ಅವರಷ್ಟು ಹತ್ತಿರದವರು ಬೇರೆ ಯಾರೂ ಇರಲಿಲ್ಲ. ಹುಡುಗ, ಹುಡುಗಿ ವಾಶಿಯ ಮಾಲಿನಲ್ಲಿ ಎರಡು ಸಲ ಕಾಫಿ ಕುಡಿದಿದ್ದರು. ಎರಡನೆಯ ಸಲದ ಕಾಫಿ ಮುಗಿಯುವಷ್ಟರಲ್ಲಿ ಕತ್ತಲಾಗಿತ್ತು. ಮಗಳು ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಆಮೇಲಿನಿಂದ ಅವಳ ಫೋನು ಬಚ್ಚಲಿಗೂ ಅವಳ ಜೊತೆಯೇ ಹೋಗತೊಡಗಿತು. ಹುಡುಗ ಅವಳಿಗೆ ಒಪ್ಪಿಗೆ ಎಂದು ನಾವು ಅರ್ಥ ಮಾಡಿಕೊಂಡೆವು. ಇನ್ನು ಹಿರಿಯರು ಬಂದು ಮಾತಾಡುವುದೊಂದೇ ಬಾಕಿ ಎನ್ನುವಾಗ ಆ ಕಡೆಯವರು ಇದ್ದಕ್ಕಿದ್ದಂತೆ ಸುಮ್ಮನಾದರು.

ನಾನು ಚಿಂತೆ ಮಾಡುವುದರಲ್ಲಿ ಪಳಗಿದವನು. ಜಾತಕ ಸರಿ ಬರಲಿಲ್ಲವೋ, ನಮ್ಮ ಒಂದು ಬೆಡ್‌ರೂಮಿನ ಮನೆ ಹಿಡಿಸಲಿಲ್ಲವೋ, ಅಥವಾ ಮದುವೆಯೊಂದರಲ್ಲಿ ನಾನು ಸಾಂಬಾರಿನ ಬಗ್ಗೆ ಆಡಿದ ಮಾತು ಹೋಟೆಲಿನವರಾದ ಅವರ ಕಿವಿಗೆ ಬಿತ್ತೋ ಎಂದು ಎಲ್ಲ ದಿಕ್ಕಿನಿಂದಲೂ ಚಿಂತಿಸಿ ಮುಗಿಸಿದ್ದೆ. ಆದರೆ ಚಿಕ್ಕಮ್ಮ ಕೇಳಿದ್ದು ನನ್ನ ಯಾವ ಪಟ್ಟಿಯಲ್ಲೂ ಇರಲಿಲ್ಲ.

"ಅವರು ಈಗ ನಿಮ್ಮ ಜೊತೆಗೇ ಇದ್ದಾರಾ?" ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದರಂತೆ. ಇವಳು, ಇದ್ದಾರಲ್ಲ, ತಿಂಡಿ ತಿನ್ನುತ್ತಿದ್ದಾರೆ ಎಂದಳು.

"ಹೌದಾ? ಯಾವಾಗ ಬಂದದ್ದು?"

ಇಲ್ಲಿ ನನ್ನ ಓಟದ ವಿಷಯ ಹೇಳಬೇಕು. ನಲವತ್ತು ದಾಟಿದ ಮೇಲೆ ನನಗೆ ಗುಡ್ಡ ಹತ್ತಿ ಓಡುವ ಹುಚ್ಚು ಹಿಡಿಯಿತು. ಪದಕಕ್ಕಾಗಿ ಅಲ್ಲ; ನನ್ನನ್ನು ಹಿಂದೆ ಹಾಕಿ ಹೋಗುವವರಲ್ಲಿ ಅಜ್ಜಂದಿರೂ ಇರುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ಓಡುವಾಗ ನನ್ನ ಚಿಂತೆಗಳೂ ಆರಾಮವಾಗಿ ಪಕ್ಕದಲ್ಲೇ ಓಡಿ ಬರುತ್ತವೆ. ಏರಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಒಂದೇ ಚಿಂತೆಗೆ ಜಾಗ: ಮುಂದಿನ ಉಸಿರು ಬರುತ್ತದೋ ಇಲ್ಲವೋ. ವಾರಕ್ಕೊಮ್ಮೆ ಮಿಕ್ಕ ಚಿಂತೆಗಳನ್ನೆಲ್ಲ ಬುಡದಲ್ಲಿ ಬಿಟ್ಟು ಹೋಗುವ ಈ ಸುಖಕ್ಕಾಗಿ ನಾನು ಭಾನುವಾರಗಳ ನಿದ್ದೆ ಕೊಟ್ಟೆ.

ಅದೂ ಚಳಿಗಾಲದಲ್ಲಿ ಮಾತ್ರ. ಮಳೆಗಾಲದಲ್ಲಿ ಗುಡ್ಡದ ರಸ್ತೆ ಪಾಚಿ ಕಟ್ಟುತ್ತದೆ, ಬೇಸಿಗೆಯಲ್ಲಿ ಕಾವಲಿಯಾಗುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಸಿಗುವುದಷ್ಟೇ ನಮ್ಮ ಭಾಗ್ಯ. ನಾವಿರುವ ಡೊಂಬಿವಲಿಯಲ್ಲೇ ಓಡಬಹುದಿತ್ತಲ್ಲ ಎನ್ನುವವರು ಚಳಿಗಾಲದ ಬೆಳಿಗ್ಗೆ ಅಲ್ಲಿ ಉಸಿರು ಎಳೆದು ನೋಡಬೇಕು. ಕೆಮಿಕಲ್ ಕಾರ್ಖಾನೆಗಳ ವಾಸನೆ ಮಂಜಿನ ಕೆಳಗೆ ಮುಚ್ಚಿಟ್ಟ ಪಾತ್ರೆಯೊಳಗಿನ ಹಾಗೆ ಕೂತಿರುತ್ತದೆ. ಅದಕ್ಕಾಗಿ ನಾನು ನಸುಕಿನ ಲೋಕಲ್ ಹಿಡಿದು ಠಾಣೆಗೆ ಬಂದು, ಅಲ್ಲಿಂದ ಪನ್ವೇಲ್ ಗಾಡಿಯಲ್ಲಿ ಖಾರ್ಘರಿಗೆ ಹೋಗುತ್ತಿದ್ದೆ. ಸ್ಟೇಶನ್ನಿನಿಂದ ರಿಕ್ಷಾ, ಆಮೇಲೆ ಗುಡ್ಡ. ಒಣಗಿ ಹಳದಿಯಾದ ಹುಲ್ಲು, ಅಲ್ಲಲ್ಲಿ ಬೆಂಕಿ ಬಿದ್ದು ಕರಿಯಾದ ತೇಪೆಗಳು. ಎದುರಿನಿಂದ ತಲೆಹೊರೆ ಹೊತ್ತು ಇಳಿದು ಬರುವ ಆದಿವಾಸಿ ಹೆಂಗಸರು ನನ್ನನ್ನು ಕಂಡು ದಾರಿ ಬಿಟ್ಟುಕೊಟ್ಟು, ನಾನು ದಾಟಿದ ಮೇಲೆ ನಗುತ್ತಿದ್ದರು. ನಗಲಿ. ಅದು ನನ್ನ ಕಿವಿಗೆ ಬೀಳುವ ಹಾಗೇ ನಕ್ಕ ನಗು.

ಮೊದಲು ಕಲ್ಯಾಣ್ ಊರಿನ ವಠಾರದಲ್ಲಿದ್ದಾಗ ನನ್ನ ಹುಚ್ಚು ನೆರೆಹೊರೆಗೆಲ್ಲ ಗೊತ್ತಿತ್ತು. ಡೊಂಬಿವಲಿಯ ಹೊಸ ಸೊಸೈಟಿಗೆ ಬಂದ ಮೇಲೆ ನನಗೆ ಸಂಕೋಚ ಶುರುವಾಯಿತು. ಮದುವೆಗೆ ಬಂದ ಮಗಳ ಅಪ್ಪ ಚಡ್ಡಿಯಲ್ಲಿ ಲಿಫ್ಟ್ ಇಳಿಯುವುದೇ? ಚಡ್ಡಿಯ ಮೇಲೆ ಪ್ಯಾಂಟು, ಅದರ ಮೇಲೆ ಸ್ವೆಟರು, ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ಟವೆಲು ಮತ್ತು ಬಾಳೆಹಣ್ಣಿನ ಚೀಲ. ಕತ್ತಲಲ್ಲಿ ಹೋಗಿ ಮಧ್ಯಾಹ್ನಕ್ಕೆ ಬರುತ್ತಿದ್ದೆ. ಮರ್ಯಾದೆಗೆಂದು ಮಾಡಿದ ಈ ಏರ್ಪಾಟೇ ನನ್ನ ಮರ್ಯಾದೆ ತೆಗೆಯಿತು.

ನಮ್ಮ ಕಡೆಯವರಲ್ಲಿ ‘ವಿಚಾರಿಸುವುದು’ ಎಂಬ ಪದ್ಧತಿಯೊಂದುಂಟು. ಹೆಣ್ಣಿನ ಮನೆಗೆ ಬರುವ ಮೊದಲು ಗಂಡಿನ ಕಡೆಯ ಹಿರಿಯರೊಬ್ಬರು ಯಾರಿಗೂ ಹೇಳದೆ ಆ ಕಟ್ಟಡಕ್ಕೆ ಬಂದು, ಕೆಳಗೆ ಸಿಕ್ಕವರನ್ನು ಕೇಳಿ, ಮೇಲೆ ಹತ್ತದೆ ವಾಪಸು ಹೋಗುತ್ತಾರೆ. ಇಡೀ ಜೀವಮಾನ ಸಾಲುಗಟ್ಟಿ ನಿಂತು ಬಿಲ್ಲು ಕಟ್ಟಿ, ಯಾರೊಂದಿಗೂ ಜಗಳವಾಡದೆ ಬದುಕಿದವನ ಯೋಗ್ಯತೆಯನ್ನು ಅವನನ್ನೊಬ್ಬನನ್ನು ಬಿಟ್ಟು ಉಳಿದ ಎಲ್ಲರನ್ನೂ ಕೇಳಿ ತೀರ್ಮಾನಿಸುತ್ತಾರೆ. ಇದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಹುಡುಗನಿಗೆ ತಂದೆ ಇಲ್ಲ, ಯಜಮಾನಿಕೆಯೆಲ್ಲ ಸೋದರಮಾವನದು. ವಾಶಿಯಲ್ಲಿ ಹೋಟೆಲು ನಡೆಸುವ ಆ ಮನುಷ್ಯ ಒಂದು ಭಾನುವಾರ ಬೆಳಿಗ್ಗೆ ಬಂದು, ಕೆಳಗೆ ಬೆಂಚಿನಲ್ಲಿ ಬಿಸಿಲು ಕಾಯಿಸುತ್ತಿದ್ದ ನಮ್ಮ ಎದುರುಮನೆಯ, ಎಲ್ಲರೂ ಕಾಕು ಎಂದು ಕರೆಯುವ ಮರಾಠಿ ಹೆಂಗಸನ್ನು ನನ್ನ ಬಗ್ಗೆ ಕೇಳಿದ್ದಾರೆ. ಕಾಕು ಸೆರಗಿನ ತುದಿಯನ್ನು ಬಾಯಿಗೆ ಹಿಡಿದು, ಆ ಮನುಷ್ಯ ಓಡಿಹೋಗಿದ್ದಾನೆ, ಅವನ ತಾಯಿಯೇ ಹೇಳಿದರು ಎಂದಿದ್ದಾರೆ.

ಚಿಕ್ಕಮ್ಮನಿಂದ ಇಷ್ಟು ಹೊರಬಂದದ್ದೇ ನಾನು ಅವಲಕ್ಕಿ ಬಿಟ್ಟೆದ್ದು ಅಮ್ಮನ ಮುಂದೆ ನಿಂತೆ. ಅಮ್ಮ ಬೀನ್ಸ್ ಮುರಿಯುತ್ತಿದ್ದಳು. ಕಾಕುವಿಗೆ ನನ್ನ ಬಗ್ಗೆ ಏನು ಹೇಳಿದ್ದೆ ಎಂದು ಕೇಳಿದೆ.

"ನಾನೆಂತ ಹೇಳ್ಲಿ? ಮಗ ಎಲ್ಲಿ, ಆಯಿತವಾರ ಕಾಣುವುದೇ ಇಲ್ಲ ಅಂತ ಕೇಳಿದ್ರು. ಮಾಝಾ ಮುಲ್ಗಾ ಪಳೂನ್ ಗೇಲಾ ಅಂದೆ. ಓಡಿಯೇ ಹೋದದ್ದಲ್ವಾ ನೀನು? ನಡ್ಕೊಂಡು ಹೋದದ್ದಾ?"

ಅಮ್ಮ ಮರಾಠಿ ಕಲಿತದ್ದು ತರಕಾರಿಯವನಿಂದ. ಅವನ ಗಾಡಿಯಲ್ಲಿ ಎಲ್ಲವೂ ಒಂದೇ ರೀತಿಯಲ್ಲಿ ಹೋಗುತ್ತಿತ್ತು: ಸಂಪೂನ್ ಗೇಲಾ ಎಂದರೆ ಮುಗಿದುಹೋಯಿತು, ವಿಕೂನ್ ಗೇಲಾ ಎಂದರೆ ಮಾರಿಹೋಯಿತು. ಅದೇ ಅಚ್ಚಿನಲ್ಲಿ ಅಮ್ಮ ಮಗನನ್ನೂ ಎರೆದಿದ್ದಳು. ಪಳಾಯ್ಲಾ ಗೇಲಾ ಎಂದಿದ್ದರೆ ನಾನು ಓಡಲು ಹೋದವನಾಗುತ್ತಿದ್ದೆ. ಪಳೂನ್ ಗೇಲಾ ಎಂದದ್ದರಿಂದ ಹೆಂಡತಿ ಮಕ್ಕಳನ್ನು ಬಿಟ್ಟು ಪರಾರಿಯಾದೆ. ಕನ್ನಡದಲ್ಲೂ ಓಡಲು ಹೋದವನಿಗೂ ಓಡಿಹೋದವನಿಗೂ ಅಜಗಜಾಂತರ ಎಂದು ನಾನು ಅಮ್ಮನಿಗೆ ವ್ಯಾಕರಣ ಹೇಳಲು ಹೋದೆ. ಅವಳು, ಹಾಗಾದರೆ ಬೀನ್ಸ್ ನೀನೇ ತಂದುಕೋ ಎಂದಳು.

ಅಮ್ಮನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಕಾಕುವಿನ ಮೇಲೆ. ಸೋಮವಾರದಿಂದ ಶನಿವಾರದವರೆಗೆ ಆ ಹೆಂಗಸು ಲಿಫ್ಟಿನಲ್ಲಿ ನನ್ನ ಪಕ್ಕವೇ ನಿಲ್ಲುತ್ತಿದ್ದರು. ಓಡಿಹೋದ ಗಂಡಸು ದಿನಾ ಟಿಫಿನ್ ಡಬ್ಬಿ ಹಿಡಿದು ಆಫೀಸಿಗೆ ಹೋಗಿ ಸಂಜೆ ಕೊತ್ತಂಬರಿ ಸೊಪ್ಪು ಹಿಡಿದು ಬರುತ್ತಾನೆಯೇ ಎಂದು ಒಮ್ಮೆಯೂ ಅನ್ನಿಸಲಿಲ್ಲವೇ? ಬಾಗಿಲು ತಟ್ಟಿಯೇ ಕೇಳಿದೆ. ಗುಡ್ಡಕ್ಕೆ ಓಡಲು ಹೋಗುವುದನ್ನು, ಸ್ವೆಟರಿನೊಳಗಿನ ಗುಟ್ಟನ್ನು, ತರಕಾರಿಯವನ ಮರಾಠಿಯನ್ನು ಎಲ್ಲ ಬಿಡಿಸಿ ಹೇಳಿದೆ. ಕಾಕು ಕರುಣೆಯಿಂದ ಕೇಳಿಸಿಕೊಂಡರು. ಅವರ ಲೆಕ್ಕ ಬೇರೆಯೇ ಇತ್ತು. ವಾರವಿಡೀ ಇಲ್ಲಿ, ಭಾನುವಾರ ಮಾತ್ರ ಚೀಲ ಹಿಡಿದು ಮುಖ ಮುಚ್ಚಿಕೊಂಡು ಆ ಇನ್ನೊಂದು ಮನೆಗೆ. ಬರುವಾಗ ಸುಸ್ತಾಗಿ ಗೋಡೆ ಹಿಡಿದು ಬರುವುದನ್ನು ಅವರೇ ಕಣ್ಣಾರೆ ಕಂಡಿದ್ದರು. ಕೊನೆಗೆ ನನ್ನ ತೋಳು ತಟ್ಟಿ, "ಪರತ್ ಆಲಾತ್ ನಾ, ಬರಂ ಝಾಲಂ" ಎಂದರು. ಮರಳಿ ಬಂದಿರಲ್ಲ, ಒಳ್ಳೆಯದಾಯಿತು. ಮಗಳ ಮದುವೆಗೆ ಅಪ್ಪ ಬೇಕು.

ಮಾಡದ ತಪ್ಪಿಗೆ ಬೈಸಿಕೊಳ್ಳುವುದನ್ನು ತಡೆದುಕೊಳ್ಳಬಹುದು. ಕ್ಷಮೆ ಪಡೆಯುವುದು ಬಲು ಕಷ್ಟ.

ಚಿಕ್ಕಮ್ಮ ವಾಶಿಗೆ ಫೋನು ಮಾಡಿ ವಿವರಿಸಿದರು. ಮುಂದಿನ ಭಾನುವಾರ ಸೋದರಮಾವ ಖುದ್ದಾಗಿ, ಈ ಸಲ ಮೇಲಿನವರೆಗೂ, ಬಂದರು. ನಾನು ಗುಡ್ಡ ತಪ್ಪಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಓಡಿಹೋಗದ ಮನುಷ್ಯನ ಮುಖ ಮಾಡಿಕೊಂಡು ಕೂತೆ. ಅವರು ಗೋಳಿಬಜೆ ಮುರಿಯುತ್ತ ನನ್ನ ಮೊಣಕಾಲುಗಳನ್ನು ನೋಡಿದರು. ತಪ್ಪಾಯಿತು ಎನ್ನುತ್ತಾರೆಂದು ಕಾದೆ.

"ನಿಮಗೆ ಶುಗರ್ ಉಂಟಾ?" ಎಂದರು.

ಇಲ್ಲ ಎಂದೆ.

"ಬಿಪಿ?"

ಅದೂ ಇಲ್ಲ.

"ಮತ್ತೆ ಯಾಕೆ ಓಡುವುದು, ಮಾರಾಯ್ರೆ?"

ಈ ಪ್ರಶ್ನೆಯ ಬಲೆ ನನಗೆ ತಡವಾಗಿ ಕಂಡಿತು. ಶುಗರ್ ಉಂಟೆಂದರೆ ಅದು ಮಗಳಿಗೂ ಬರಬಹುದು, ಸಂಬಂಧ ಬೇಡ. ಇಲ್ಲವೆಂದರೆ, ಡಾಕ್ಟರು ಹೇಳದೆ ಗುಡ್ಡ ಹತ್ತಿ ಓಡುವವನ ತಲೆಯೇ ಸರಿ ಇರಲಿಕ್ಕಿಲ್ಲ, ಅದೂ ಮಗಳಿಗೆ ಬರಬಹುದು. ಓಡಿಹೋದವನ ಮಗಳಾಗಿದ್ದರೆ ಕನಿಕರವಾದರೂ ಸಿಗುತ್ತಿತ್ತು. ಗುಡ್ಡದ ಗಾಳಿಯ ಬಗ್ಗೆ, ಮನಸ್ಸಿನ ನೆಮ್ಮದಿಯ ಬಗ್ಗೆ ಏನೋ ತೊದಲಿದೆ. ಸೋದರಮಾವ ಸಾವಧಾನವಾಗಿ ಕೇಳಿ, ಅವರ ಹೋಟೆಲಿಗೆ ನಮ್ಮ ಜನ ಎಲ್ಲ ಕಡೆಯಿಂದ ಬರುತ್ತಾರೆ, ಬೀಗರು ಚಡ್ಡಿಯಲ್ಲಿ ಖಾರ್ಘರಿನಲ್ಲಿ ಕಂಡರೆ ಏನು ಉತ್ತರ ಹೇಳುವುದು ಎಂದು ವಿವರಿಸಿದರು. ಆಮೇಲೆ ನಗುತ್ತಲೇ ಷರತ್ತು ಇಟ್ಟರು.

"ಮದುವೆ ಆಗುವವರೆಗೆ ಇದೆಲ್ಲ ನಿಲ್ಲಿಸಿಬಿಡಿ. ಆಮೇಲೆ ನೋಡುವಾ."

ಆಮೇಲೆ ಬಾಣಂತನ, ಆಮೇಲೆ ನಾಮಕರಣ ಎಂದು ನನಗೆ ಗೊತ್ತಿತ್ತು. ನಾನು ಬಾಯಿ ತೆರೆದೆ. ಏನು ಹೇಳುವವನಿದ್ದೆನೋ ತಿಳಿಯದು. ನನ್ನ ಇತಿಹಾಸ ಬಲ್ಲವರು ‘ಆಗಲಿ’ ಎನ್ನುತ್ತಿದ್ದೆ ಎಂದೇ ಹೇಳುತ್ತಾರೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಮಾತಾಡಿದಳು. ನಾವು ಕನ್ನಡದಲ್ಲಿ ಏನು ಕೇಳಿದರೂ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ ಅಂದು ಕನ್ನಡದಲ್ಲೇ ಶುರುಮಾಡಿದಳು.

"ಮಾಮಾ, ಶುಗರ್ ನಮ್ಮನೇಲಿ ಇಲ್ಲ. ನಿಮ್ಮನೇಲಿ ಉಂಟು. ಗೆಸ್ಟ್ ಬಂದ್ರೆ ಅವನ ಮಮ್ಮಿದು ಇನ್ಸುಲಿನ್ ಫ್ರಿಜ್ಜಲ್ಲಿ ಮೊಸರಿನ ಡಬ್ಬಿ ಹಿಂದೆ ಇಡ್ತೀರಲ್ಲ? ನನಗೆ ಅದರಿಂದ ಪ್ರಾಬ್ಲೆಮ್ ಇಲ್ಲ. ನಿಮಗೆ ಪಪ್ಪಾ ಓಡೋದ್ರಿಂದ ಯಾಕೆ ಪ್ರಾಬ್ಲೆಮ್?"

ಸೋದರಮಾವ ಕೈಯಲ್ಲಿದ್ದ ಅರ್ಧ ಗೋಳಿಬಜೆಯನ್ನು ತಟ್ಟೆಗಿಟ್ಟರು. ಈ ಸಂಬಂಧ ಮುಗಿಯಿತು, ಸಂಪೂನ್ ಗೇಲಾ ಎಂದುಕೊಂಡೆ. ಏನೂ ಕೇಳಿಸದ ಅಮ್ಮ ಒಳಗಿನಿಂದ ಬಂದು, "ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕ್ಲಾ?" ಎಂದು ಅವರನ್ನೇ ಕೇಳಿದಳು. ಬೇಡ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಓಡುವುದಾದರೆ ಓಡಿ, ನಮ್ಮದೇನೂ ಅಡ್ಡಿ ಇಲ್ಲ ಎಂದರು. ಖಾರ್ಘರ್ ಗುಡ್ಡವನ್ನು ತಮ್ಮ ಸ್ವಂತ ಆಸ್ತಿಯಿಂದ ನನಗೆ ಬಿಟ್ಟುಕೊಟ್ಟ ಹಾಗಿತ್ತು ಆ ಮಾತು. ಅದೇ ಉಸಿರಿನಲ್ಲಿ ನಿಶ್ಚಿತಾರ್ಥಕ್ಕೆ ಯಾವ ದಿನ ಅನುಕೂಲ ಎಂದೂ ಕೇಳಿದರು. ತಪ್ಪಾಯಿತು ಎಂಬ ಮಾತು ಅಂದೂ ಬರಲಿಲ್ಲ, ಈವರೆಗೂ ಬಂದಿಲ್ಲ.

ಅವರು ಹೋದ ಮೇಲೆ ಮಗಳನ್ನು ಹಿಡಿದೆ. ಹುಡುಗ ಎರಡನೆಯ ಕಾಫಿಯ ದಿನವೇ ತಾಯಿಯ ಶುಗರ್ ವಿಷಯ ಎಲ್ಲ ಹೇಳಿದ್ದನಂತೆ. ಮತ್ತೆ ನಾನಿಲ್ಲಿ ನಿದ್ದೆಗೆಟ್ಟು ಜಾತಕ, ಸಾಂಬಾರು ಎಂದು ಒದ್ದಾಡುವಾಗ ಒಂದು ಮಾತು ಹೇಳಬಾರದಿತ್ತೇ?

"ಹೇಳಿದ್ರೆ ನೀವು ಟೆನ್ಶನ್ ತಗೊಳ್ತಿದ್ರಿ, ಪಪ್ಪಾ."

ಇದಕ್ಕಿಂತ ದೊಡ್ಡ ಅವಮಾನ ಆ ತಿಂಗಳಲ್ಲಿ ಬೇರೆ ಆಗಿರಲಿಲ್ಲ. ನಾನು ಹಾಗೆಲ್ಲ ಟೆನ್ಶನ್ ತೆಗೆದುಕೊಳ್ಳುವವನಲ್ಲ ಎಂದು ಗಟ್ಟಿಯಾಗಿ ಹೇಳಿ ಬಾಲ್ಕನಿಗೆ ಹೋದೆ. ಅಲ್ಲಿ ಬಟ್ಟೆ ತೆಗೆಯುತ್ತಿದ್ದ ಹೆಂಡತಿಯನ್ನು, ಶುಗರ್ ತಾಯಿಯಿಂದ ಮಗನಿಗೆ ಬರುವುದು ಎಷ್ಟನೆಯ ವಯಸ್ಸಿಗೆ, ಅವರ ಅಜ್ಜನಿಗೂ ಇತ್ತೋ ಹೇಗೆ, ಆ ಹುಡುಗ ಹೋಟೆಲಿನ ಜಿಲೇಬಿ ತಿನ್ನುತ್ತಾನೋ ಎಂದು ಒಂದರ ಹಿಂದೊಂದು ಕೇಳಿದೆ. ಅವಳು ಒಂದು ಟವೆಲನ್ನು ನನ್ನ ಹೆಗಲಿಗೆ ಹಾಕಿ ಒಳಗೆ ಹೋದಳು.

ಆದರೂ ಯೋಚಿಸಿದರೆ ನನ್ನ ಮಾತಿನಲ್ಲಿ ನ್ಯಾಯವಿತ್ತು. ಆ ಹುಡುಗ ಈಗಿನಿಂದಲೇ ಮೈ ಬಗ್ಗಿಸಬೇಕು. ಚಳಿಗಾಲ ಇನ್ನೂ ಉಳಿದಿತ್ತು, ವಾಶಿಯಿಂದ ಖಾರ್ಘರ್ ಅವನಿಗೆ ನನಗಿಂತ ಹತ್ತಿರ. ಮುಂದಿನ ಭಾನುವಾರ ನನ್ನ ಜೊತೆ ಗುಡ್ಡಕ್ಕೆ ಬರಲಿ, ಓಡುವುದು ಬೇಡ, ನಡೆದರೂ ಸಾಕು ಎಂದು ಮಗಳ ಮೂಲಕ ಹೇಳಿಸಿದೆ. ಅವಳು ಫೋನು ಹಿಡಿದು ಬಚ್ಚಲಿಗೆ ಹೋಗಿ, ಬಹಳ ಹೊತ್ತು ನಕ್ಕು, ಹೊರಗೆ ಬಂದು ಉತ್ತರ ತಿಳಿಸಿದಳು. ಭಾನುವಾರ ಒಂಬತ್ತು ಗಂಟೆಗೆ ಮೊದಲು ಅವನು ಏಳುವುದೇ ಇಲ್ಲವಂತೆ.

ಚಳಿಗಾಲದ ಭಾನುವಾರ, ಒಂಬತ್ತು ಗಂಟೆಯವರೆಗೆ, ಮೂವತ್ತು ತುಂಬದ ಗಂಡಸು. ಇಂಥ ಮನೆಗೆ ನಾನು ಹೆಣ್ಣು ಕೊಡುತ್ತಿದ್ದೆ, ಮತ್ತು ಆ ಕಟ್ಟಡದ ಕೆಳಗೆ ಹೋಗಿ ಬೆಂಚಿನಲ್ಲಿ ಕೂತ ಒಬ್ಬರನ್ನಾದರೂ ವಿಚಾರಿಸುವ ಬುದ್ಧಿ ನಮ್ಮ ಕಡೆಯ ಯಾರಿಗೂ ಬಂದಿರಲಿಲ್ಲ.