ಕುಡಿಯೋ ರೊಟ್ಟಿ

ನನ್ನ ಮೊಮ್ಮಗಳು ಬಿಡದಿಯ ಒಂದು ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುತ್ತಾಳೆ. ಆ ಊರಲ್ಲೇ ಒಬ್ಬ ಹುಡುಗನನ್ನು ನೋಡಿಕೊಂಡಿದ್ದಾಳೆ ಅಂತ ಗೊತ್ತಾದಾಗ ಅವಳಪ್ಪ, ಅಂದರೆ ನನ್ನ ಮಗ, ಒಂದೇ ಮಾತು ಕೇಳಿದ.

"ಏನ್ ಕೆಲ್ಸ ಅವನ್ಗೆ?"

"ಮಾಲ್ಟ್ ಮಾಡೋ ಕಡೆ" ಅಂದಳು ಅವಳು, ತಲೆ ಎತ್ತದೆ.

ನಮ್ಮ ಕೋಡಿಹಳ್ಳಿ ಕಡೆ ಮಾಲ್ಟ್ ಅಂದರೆ ರಾಗಿ ಮಾಲ್ಟು, ಬೇರೆ ಯಾವುದೂ ಇಲ್ಲ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಹುರಿದು ಬೀಸಿ, ಮಕ್ಕಳಿಗೆ ಕಾಯಿಸಿ ಕುಡಿಸುವುದು. ನನ್ನ ಮಗ ಹಿಗ್ಗಿಹೋದ. ಮಾರನೇ ದಿನ ಹಾಲಿನ ಡೈರಿ ಮುಂದೆ ನಿಂತು, ನಮ್ಮ ಹುಡುಗಿಗೆ ಮಾಲ್ಟ್ ಕಂಪನಿಯ ಹುಡುಗ ಸಿಕ್ಕಿದ್ದಾನೆ, ಬೈರಾಪಟ್ಟಣದವನಂತೆ, ಹೊಲ ಗದ್ದೆ ಇದೆಯಂತೆ ಅಂತ ಸಾರಿಬಿಟ್ಟ. ಮನೆ ನೋಡುವುದಕ್ಕಿಂತ ಮುಂಚೆ ಕೆಲಸದ ಜಾಗ ನೋಡಿಬರೋಣ ಅಂತ ಹೊರಟ. ನಾನೂ ಬರುತ್ತೇನೆ ಅಂದೆ. ಹುಡುಗನನ್ನು ನೋಡುವ ಆಸೆಗಿಂತ, ಅಷ್ಟೊಂದು ರಾಗಿಗೆ ಮೆಷಿನ್ನಿನಲ್ಲಿ ಹೇಗೆ ಮೊಳಕೆ ಬರಿಸುತ್ತಾರೆ ನೋಡಬೇಕು ಅನ್ನುವುದು ನನಗಿತ್ತು.

ಬಿಡದಿಯಲ್ಲಿ ಇಳಿದು ತಟ್ಟೆ ಇಡ್ಲಿ ತಿಂದೆವು. ಮೊಮ್ಮಗಳು ಅಲ್ಲಿಗೇ ಬಂದು ನಮ್ಮನ್ನು ಆಟೋದಲ್ಲಿ ಕರೆದುಕೊಂಡು ಹೋದಳು. ದೊಡ್ಡ ರಸ್ತೆ ಪಕ್ಕದಲ್ಲಿ ಗಾಜಿನ ಬಾಗಿಲಿನ ಹೋಟೆಲು, ಹುಡುಗನ ಕೆಲಸ ಇಲ್ಲೇ ಅಂದಳು. ಒಳಗೆ ಗಾಜಿನ ಗೋಡೆ ಆಚೆ ತಾಮ್ರದ ಬಣ್ಣದ ಹಂಡೆಗಳು, ಒಂದೊಂದೂ ನಮ್ಮ ಕೊಟ್ಟಿಗೆ ಎತ್ತರ. ಈಚೆ ಮೇಜುಗಳಲ್ಲಿ ಹೆಂಗಸರು ಗಂಡಸರು ಉದ್ದುದ್ದ ಗ್ಲಾಸು ಹಿಡಿದು ಕೂತಿದ್ದರು. ನನ್ನ ಮಗ ಆ ಗ್ಲಾಸುಗಳನ್ನು ನೋಡಿದ, ಮೂಗು ಅರಳಿಸಿದ.

"ಅವ್ವಾ, ಇದು ಬಾರು ಕಣವ್ವಾ."

"ನೀನು ಅಂದ್ಮ್ಯಾಕೆ ಬಾರೇ ಇರ್ಬೇಕು. ನಿಂಗಲ್ದೆ ಇನ್ಯಾರ್ಗೆ ಗೊತ್ತಾಗ್ಬೇಕು."

ಅವನು ಮಗಳ ಕಡೆ ತಿರುಗಿದ. "ಮಾಲ್ಟ್ ಅಂದಲ್ಲೇ?"

"ಮಾಲ್ಟೇ ಕಣಪ್ಪ. ಬಾರ್ಲಿದು. ರಾಗಿದು ಅಂತ ನಾನ್ ಯಾವಾಗ ಅಂದೆ?"

"ಯೆಂಡ ಕಾಯ್ಸೋನ್ಗೆ ನಾನು ಮಗಳ ಕೊಡಾಕಿಲ್ಲ. ನಡಿಯವ್ವ, ಓಗಾನ."

ನನ್ನ ಮಗ ಸಾಯಂಕಾಲವಾದರೆ ಕಾಲು ಬಾಟಲಿ ಇಲ್ಲದೆ ಮುದ್ದೆ ಮುರಿಯುವವನಲ್ಲ. ಆದರೆ ಒಂದು ಸಲ ಮುನಿದು ಹೊಸಿಲು ದಾಟಿದನೋ, ಮತ್ತೆ ಆ ಕಡೆ ತಲೆ ಹಾಕುವವನೂ ಅಲ್ಲ. ಅದು ಮೊಮ್ಮಗಳಿಗೂ ಗೊತ್ತು. ಕೊರಳಿನ ಫ್ಯಾಕ್ಟರಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತಿಕೊಂಡು ನನ್ನನ್ನೇ ನೋಡುತ್ತಾ ನಿಂತಳು. ಅಳಲಿಲ್ಲ. ಅತ್ತಿದ್ದರೆ ನಾನೂ ಹೊರಟುಬಿಡುತ್ತಿದ್ದೆನೋ ಏನೋ.

"ನಮ್ಮಪ್ಪ ನನ್ನ ಕುಡಿಯೋನ್ಗೆ ಕೊಟ್ಟ" ಅಂದೆ ಮಗನಿಗೆ. "ನಿಮ್ಮತ್ತೆನೂ ಮಗಳ್ನ ಕುಡಿಯೋನ್ಗೆ ಕೊಟ್ಟವ್ಳೆ. ಕಾಯ್ಸೋನ್ ಎಂಗಿರ್ತಾನೆ ಒಸಿ ನೋಡಾನ, ಕುಂತ್ಕೊ."

ಅಷ್ಟರಲ್ಲಿ ಹುಡುಗ ಬಂದ. ಕಾಲಿಗೆ ಮಂಡಿವರೆಗಿನ ರಬ್ಬರ್ ಬೂಟು, ಮೈಯೆಲ್ಲ ಗಂಜಿ ಕಾಯಿಸಿದ ವಾಸನೆ. ಕಾಲು ಮುಟ್ಟಲು ಬಗ್ಗಿದ, ಬೂಟು ಅಡ್ಡ ಬಂದು ಅರ್ಧಕ್ಕೇ ನಿಂತ. ಇರಲಿ. ನಾನು ಮೊದಲು ಕಾಳು ತೋರಿಸು ಅಂದೆ. ಬೊಗಸೆಯಲ್ಲಿ ತಂದ. ನಾಲ್ಕು ಕಾಳು ಬಾಯಿಗೆ ಹಾಕಿ ಅಗಿದೆ. ಸಿಹಿ ಇತ್ತು. ಮೊಳಕೆ ಉದ್ದ ಬಿಡದೆ ಸರಿಯಾದ ಹೊತ್ತಿಗೆ ಒಣಗಿಸಿದ್ದಾರೆ.

"ಎಷ್ಟೊತ್ತು ನೆನಾಕ್ತೀಯಪ್ಪ? ಮೊಳಕೆ ಎಲ್ಲಿ ಕಟ್ತೀಯ?"

"ಮೊಳಕೆ ನಾವು ಕಟ್ಟಲ್ಲ ಅಜ್ಜಿ. ಮಾಲ್ಟ್ ಮೂಟೇಲೇ ಬತ್ತದೆ."

"ಅಂಗಾರೆ ಅರ್ಧ ಕೆಲ್ಸ ಇನ್ಯಾರೋ ಮಾಡ್ಬುಟ್ಟಿರ್ತಾರೆ ಅನ್ನು."

ಹುಡುಗ ನಕ್ಕ. ಕೋಪ ಮಾಡಿಕೊಳ್ಳಲಿಲ್ಲ. ಕಾಳು ಒಡೆದು ಬಿಸಿನೀರಲ್ಲಿ ನೆನೆಹಾಕಿ, ಸೋಸಿ, ಯಾವುದೋ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಹುದುಗು ಬರಿಸಿ, ಆಮೇಲೆ ಐದಾರು ವಾರ ತಣ್ಣಗೆ ಬಿಡುತ್ತೇವೆ ಅಂತ ಹೇಳಿದ.

"ಐದಾರು ವಾರ ನೀನೂ ಮುಟ್ಟಾಕಿಲ್ವಾ?"

"ರುಚಿ ನೋಡಾಕೆ ಒಂದೊಂದು ಗುಟುಕು, ಅಷ್ಟೇ. ಅವಸರ ಮಾಡುದ್ರೆ ಮೊಟ್ಟೆ ವಾಸ್ನೆ ಬತ್ತದೆ ಅಜ್ಜಿ."

ನಾನು ಮಗನ ಮುಖ ನೋಡಿದೆ. ಅವನು ಫ್ಯಾನು ನೋಡುತ್ತಿದ್ದ.

ಹುಡುಗ ಒಂದು ಗ್ಲಾಸು ತಂದು ನನ್ನ ಮುಂದಿಟ್ಟ. ಒಣಹುಲ್ಲಿನ ಬಣ್ಣ, ಮೇಲೆ ಎರಡು ಬೆರಳು ಬಿಳಿ ನೊರೆ, ಆಗ ಕರೆದ ಹಾಲಿನ ಹಾಗೆ. "ಜರ್ಮನಿ ಕಡೇದು ಅಜ್ಜಿ. ಹೆಲ್ಲೆಸ್ ಅಂತಾರೆ. ತಿಳಿ ಬಣ್ಣದ್ದು ಅಂತ."

"ಸಾರಿನ್ ತಿಳಿ ಇದ್ದಂಗೈತೆ. ಬುಡದಲ್ಲಿ ಬ್ಯಾಳೆ ಎಲ್ಲಿ?"

ನಮ್ಮಲ್ಲಿ ಒಂದು ಪದ್ಧತಿ ಇದೆ. ಗಂಡಿನ ಕಡೆ ನೋಡಲು ಹೋದವರು ಒಪ್ಪಿಗೆ ಆಗುವ ತನಕ ಕಾಫಿ, ಟೀ ಕುಡಿಯಬಹುದು, ಊಟ ಮಾಡುವ ಹಾಗಿಲ್ಲ. ಉಂಡರೆ ಒಪ್ಪಿದ ಹಾಗೆ. ನನ್ನ ಮಗ ನನ್ನ ಕಿವಿಗೆ ಬಗ್ಗಿದ. "ಮುಟ್ಬ್ಯಾಡ ಕಣವ್ವ. ಒಪ್ಕಂಡಂಗಾಯ್ತದೆ."

"ಯಾಕ್ಲಾ? ಕಾಫಿ ಕುಡೀಬೋದಲ್ಲ."

"ಇದು ಕಾಫಿಯಾ?"

"ಮತ್ತೆ ಊಟವಾ?"

ನಾನು ಗ್ಲಾಸು ಎತ್ತಿದೆ.

ನಾನು ಕುಡಿತ ಕಾಣದವಳೇನಲ್ಲ. ತವರಲ್ಲಿ ಈಚಲು ಹೆಂಡ ಕುಡಿದಿದ್ದೇನೆ, ಮಧ್ಯಾಹ್ನಕ್ಕೆ ಹುಳಿತು ನಾರುತ್ತದೆ. ಬಾಣಂತಿಯಾಗಿದ್ದಾಗ ಶೀತ ಆಗದಿರಲಿ ಅಂತ ಮುಚ್ಚಳದಲ್ಲಿ ಬ್ರಾಂದಿ ಕೊಟ್ಟರು, ಅದು ಗಂಟಲು ಸುಟ್ಟುಕೊಂಡೇ ಇಳಿಯುತ್ತಿತ್ತು. ಇದು ಹಾಗಲ್ಲ. ಮೊದಲು ನೊರೆ ಮೂಗಿಗೆ ತಾಗಿತು. ಆಮೇಲೆ ಹೊಸದಾಗಿ ಬೀಸಿದ ಹಿಟ್ಟಿನ ಘಮ. ನಾಲಿಗೆ ಮೇಲೆ ಮೆತ್ತಗೆ ಒಂದು ಸಿಹಿ. ಅದು ಮುಗಿಯುವಾಗ ಹುರಿದ ಹಾಗಲಕಾಯಿಯಷ್ಟು ಸಣ್ಣ ಕಹಿ ಬಂದು, ಬಾಯಿ ತೊಳೆದ ಹಾಗೆ ಮಾಡಿಬಿಟ್ಟಿತು. ಇನ್ನೊಂದು ಗುಟುಕು ಕುಡಿಯದೆ ಇರಲಾಗಲಿಲ್ಲ. ಬಿಸಿಲಲ್ಲಿ ಬಂದಿದ್ದೆ, ತಣ್ಣಗಿತ್ತು. ತಲೆಗೇನೂ ಹತ್ತಲಿಲ್ಲ. ಮಂಡಿ ನೋವು ಮರೆತುಹೋಯಿತು, ಅಷ್ಟು ಮಾತ್ರ. ತಳ ಕಂಡ ಮೇಲೇ ಕೆಳಗಿಟ್ಟೆ.

"ಎಂಗೈತೆ ಅಜ್ಜಿ?" ಅಂದ ಹುಡುಗ.

"ಒಟ್ಟೆ ತುಂಬ್ತು."

ಅವನಿಗೆ ಅಷ್ಟು ಸಾಕಾಯಿತು. "ಅದ್ಕೇ ಅಜ್ಜಿ, ಜರ್ಮನಿಯೋರು ಬಿಯರ್ನ ಕುಡಿಯೋ ರೊಟ್ಟಿ ಅಂತಾರೆ. ಅವರ್ಗೆ ಇದೂ ಊಟವೇ."

ನನ್ನ ಮಗ ಕುರ್ಚಿಯಿಂದ ಅರ್ಧ ಎದ್ದ. "ಏನಂದೆ? ಊಟವಾ?"

"ಊ ಸಾ, ಊಟವೇ" ಅಂದ ಹುಡುಗ, ಪಾಪ, ಏನೂ ತಿಳಿಯದೆ. ಮೊಮ್ಮಗಳು ಸೆರಗು ಇಲ್ಲದ್ದಕ್ಕೆ ಅಂಗೈಯನ್ನೇ ಬಾಯಿಗೆ ಅಡ್ಡ ಹಿಡಿದು ಆ ಕಡೆ ತಿರುಗಿಕೊಂಡಳು.

"ಅವ್ವಾ, ಏನ್ ಕೆಲ್ಸ ಮಾಡ್ಬುಟ್ಟೆ!"

"ನಂಗೇನ್ಲಾ ಗೊತ್ತಿತ್ತು? ನೀನಾದ್ರೂ ಯೋಳ್ಬಾರ್ದಾ, ದಿನಾ ಊಟ ಮಾಡೋನು." ಹುಡುಗನಿಗೆ ಗ್ಲಾಸು ನೀಡಿದೆ. "ಊಟ ಅಂದ್ಮ್ಯಾಕೆ ಒಂದೇ ಸಲ ಬಡ್ಸಿ ಸುಮ್ಕಾಗ್ಬಾರ್ದು ಕಣಪ್ಪ. ಇನ್ನೊಸಿ ಬುಡು."

ಎರಡನೇ ಗ್ಲಾಸಿನಲ್ಲಿ ಅರ್ಧ ಕುಡಿದು ಮಗನ ಮುಂದೆ ಸರಿಸಿದೆ. ಅವನು ಮುಟ್ಟಲಿಲ್ಲ. ಮುಟ್ಟದಿರುವುದು ಅವನಿಗೆ ಎಷ್ಟು ಕಷ್ಟ ಅಂತ ಹೆತ್ತವಳಿಗೆ ಗೊತ್ತು. ಹುಡುಗನನ್ನು ಮಾತ್ರ ತುಂಬ ಹೊತ್ತು ನೋಡಿದ. ಆಮೇಲೆ, ನಿಮ್ಮಪ್ಪ ಏನು ಬೆಳೆಯುತ್ತಾರೆ, ಬೋರಲ್ಲಿ ನೀರಿದೆಯಾ ಅಂತೆಲ್ಲ ಸಿಡಿಸಿಡಿ ಅನ್ನುತ್ತಲೇ ಕೇಳಿದ. ಆಗುತ್ತದೆ ಅನ್ನಲಿಲ್ಲ. ಆಗುವುದಿಲ್ಲ ಅಂತಲೂ ಅನ್ನದೆ ಬಸ್ಸು ಹತ್ತಿದ.

ಬಾರ್ಲಿ ಬಾರ್ಲಿಯೇ. ರಾಮನಗರ ಬರುವಷ್ಟರಲ್ಲಿ ಒಂದಕ್ಕೆ ಹೋಗದೆ ತಡೆಯಲಾಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಚೀಲವನ್ನು ಮಗನ ಕೈಗೆ ಕೊಟ್ಟು ಒಳಗೆ ಹೋದೆ. ಹೊರಗೆ ಬಂದಾಗ ಅವನು ಗೋಡೆ ಕಡೆ ತಿರುಗಿ ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಿದ್ದ.

"ಊ ಕಣೆ, ಬಾನ್ವಾರ. ಅವ್ರಪ್ಪ ಅವ್ವನ್ನ ಕರ್ಕಂಡು ಬರಾಕೇಳು... ನಾನೆಲ್ಲೇ ಒಪ್ದೆ? ನಿಮ್ಮಜ್ಜಿ ಉಂಡ್ಬುಟ್ಟವ್ಳೆ, ನಾನೇನ್ ಮಾಡ್ಲಿ."

ಕನಕಪುರದಲ್ಲಿ ನಾನು ಇನ್ನೊಂದು ಸಲ ಇಳಿಯಬೇಕಾಯಿತು. ಈ ಸಲ ಅವನೇ ಕೈ ನೀಡಿ ಚೀಲ ಇಸಿದುಕೊಂಡ.