ಮೆಟ್ಟಿಲ ಬುಡದ ಚಪ್ಪಲಿ ಸ್ಟ್ಯಾಂಡ್

ನಮ್ಮ ಶಾಲೆಯ ಮೂರು ಮಹಡಿಯನ್ನೂ ಒರೆಸುತ್ತಿದ್ದವರು ಒಬ್ಬರೇ. ಮಕ್ಕಳು ಅವರನ್ನು ಒದ್ದೆ ಅಜ್ಜಿ ಎನ್ನುತ್ತಿದ್ದರು. ಯಾರು ಕಾಲಿಟ್ಟರೂ ಒದ್ದೆ, ಒದ್ದೆ ಎಂದು ಗದರುತ್ತಿದ್ದರಲ್ಲ, ಅದಕ್ಕೆ. ಹೆಡ್‌ಮಾಸ್ಟರಿಗೂ ಆ ಗದರಿಕೆ ತಪ್ಪಿದ್ದಲ್ಲ. ಅವರು ತುದಿಗಾಲಲ್ಲಿ ಆಫೀಸು ಸೇರುವುದನ್ನು ನೋಡಿ ನಾವು ಮೇಷ್ಟ್ರುಗಳು ಮುಸಿಮುಸಿ ನಗುತ್ತಿದ್ದೆವು.

ಅಜ್ಜಿಯ ಬಲಮಂಡಿ ಸವೆದುಹೋಗಿತ್ತು. ಮಳೆಗಾಲದಲ್ಲಿ ಐನೂರು ಮಕ್ಕಳು ತರುವ ಕೆಸರನ್ನು ಒರೆಸುವ ಶಕ್ತಿ ಉಳಿದಿರಲಿಲ್ಲ. ಕೆಲಸ ಬಿಡೋಣವೆಂದರೆ ಮನೆಯಲ್ಲಿ ಹಾಸಿಗೆ ಹಿಡಿದ ತಂಗಿ. ಇಬ್ಬರ ಹೊಟ್ಟೆಯೂ ಈ ಕೆಲಸದ ಮೇಲೇ ನಿಂತಿತ್ತು. ಹಾಗಾಗಿ ಹೆಡ್‌ಮಾಸ್ಟರ ಬೆನ್ನುಹತ್ತಿ, ಮೆಟ್ಟಿಲ ಬುಡದಲ್ಲಿ ಉದ್ದನೆಯದೊಂದು ಕಬ್ಬಿಣದ ಚಪ್ಪಲಿ ಸ್ಟ್ಯಾಂಡ್ ಹಾಕಿಸಿಕೊಂಡರು. ಮಕ್ಕಳೆಲ್ಲ ಬೂಟು ಅಲ್ಲೇ ಬಿಚ್ಚಿಟ್ಟು ಹತ್ತಬೇಕು. ಅಜ್ಜಿಗೆ ಮಧ್ಯಾಹ್ನ ಕೂತು ಚಹಾ ಕುಡಿಯುವಷ್ಟು ಪುರುಸೊತ್ತು ಸಿಕ್ಕಿತು.

ಆಮೇಲೆ ಬಂತು, ಬೆಂಕಿ ಬಿದ್ದರೆ ಹೊರಗೆ ಹೋಗುವ ತಾಲೀಮು. ಗಣಿತದ ಮೇಷ್ಟ್ರೆಂದು ಗಡಿಯಾರವನ್ನು ನನ್ನ ಕೈಗೆ ಕೊಟ್ಟರು. ಗಂಟೆ ಹೊಡೆದದ್ದೇ ಮಕ್ಕಳು ಚೆಂದವಾಗಿ ಸಾಲಾಗಿ ಇಳಿದರು. ಕೊನೆಯ ಮೆಟ್ಟಿಲಿಗೆ ಬಂದವರು ಕೂತು ಬೂಟು ಹಾಕಿಕೊಳ್ಳತೊಡಗಿದರು. ಲೇಸನ್ನೂ ಕಟ್ಟಿದರು. ಕಟ್ಟಡಕ್ಕೆ ಇದ್ದದ್ದು ಅದೊಂದೇ ಮೆಟ್ಟಿಲ ಸಾಲು, ಅದರ ಬುಡದ ಅರ್ಧ ಅಗಲವನ್ನು ಸ್ಟ್ಯಾಂಡೇ ನುಂಗಿತ್ತು. ಹಿಂದಿನವರು ಮೂರನೆಯ ಮಹಡಿಯವರೆಗೂ ನಿಂತುಬಿಟ್ಟರು. ಒಂಬತ್ತು ನಿಮಿಷವಾಯಿತು. ಹೆಡ್‌ಮಾಸ್ಟರು ಮಕ್ಕಳ ಮೇಲೆ ರೇಗಿದರು, ನಾನೂ ತಾಳ ಹಾಕಿದೆ. ಬರಿಗಾಲಲ್ಲೇ ಓಡಿ ಎಂದು ನಾಲ್ಕು ಸಲ ಹೇಳಿ ಮತ್ತೆ ಗಂಟೆ ಹೊಡೆಸಿದೆವು. ಅಭ್ಯಾಸ ಬಿಡಬೇಕಲ್ಲ, ಮತ್ತೆ ಕೂತರು.

ನೋಡುತ್ತಿದ್ದ ಅಜ್ಜಿ ಪೊರಕೆ ಬದಿಗಿಟ್ಟು ನನ್ನ ಹತ್ತಿರ ಬಂದರು.

"ಮಕ್ಕಳನ್ನ ಬೈಬೇಡಿ ಮೇಷ್ಟ್ರೇ. ಇದನ್ನ ಇಲ್ಲಿ ಹಾಕ್ಸಿದ್ದು ನಾನು. ತೆಗೆಸಿಬಿಡಿ."

ಬೂಟನ್ನು ಕ್ಲಾಸಿನ ಬಾಗಿಲಲ್ಲಿ ಬಿಡಲಿ ಎಂದು ನಾನು ಬುದ್ಧಿ ಓಡಿಸಿದೆ. ಬಾಗಿಲಲ್ಲಿಟ್ಟರೆ ಬಾಗಿಲಲ್ಲೇ ಕೂರುತ್ತಾರೆ ಎಂದು ಒಂದೇ ಮಾತಿಗೆ ನನ್ನ ಬಾಯಿ ಮುಚ್ಚಿಸಿದರು. ಮಂಡಿಯ ಗತಿಯೇನು ಎಂದು ಕೇಳಿದೆ. ಅವರು ಸ್ಟ್ಯಾಂಡಿನ ಒಂದು ತುದಿ ಹಿಡಿದು ಎಳೆದರು. ಇನ್ನೊಂದನ್ನು ನಾನು ಹಿಡಿದೆ.

ಮರುದಿನದಿಂದ ಕೆಸರು ಮೂರನೆಯ ಮಹಡಿ ಹತ್ತಿತು. ತಾಲೀಮು ಮೂರು ನಿಮಿಷಕ್ಕೆ ಮುಗಿಯಿತು. ಹೆಡ್‌ಮಾಸ್ಟರು ನನ್ನ ಬೆನ್ನು ತಟ್ಟಿದರು, ನಾನು ನಾಚಿಕೆಯಿಲ್ಲದೆ ತಟ್ಟಿಸಿಕೊಂಡೆ. ಅಜ್ಜಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುವುದು ಎಲ್ಲರಿಗೂ ಕಾಣುತ್ತಿತ್ತು. ಯಾರೂ ಏನೂ ಮಾಡಲಿಲ್ಲ.

ಒಂದು ತಿಂಗಳ ಮೇಲೆ ಎರಡನೆಯ ಮಹಡಿಯ ಲ್ಯಾಬಿನಲ್ಲಿ ನಿಜವಾಗಿಯೇ ಹೊಗೆ ಎದ್ದಿತು. ಐನೂರು ಮಕ್ಕಳೂ ಎಲ್ಲೂ ನಿಲ್ಲದೆ ಮೈದಾನ ಸೇರಿದರು. ಹಾಜರಿ ಕೂಗಿದೆವು, ಮಕ್ಕಳು, ಮೇಷ್ಟ್ರುಗಳು, ಗುಮಾಸ್ತರು, ಎಲ್ಲ ಸರಿಹೋಯಿತು. ಎಲ್ಲರೂ ಬಂದಿದ್ದಾರೆ ಎಂದು ಪಟ್ಟಿಗೆ ಸಹಿ ಹಾಕಿದೆ. ತಲೆ ತಗ್ಗಿಸಿದಾಗ ನನ್ನ ಬೂಟಿನ ಕೆಸರು ಕಣ್ಣಿಗೆ ಬಿತ್ತು. ಆ ಪಟ್ಟಿಯಲ್ಲಿ ಒರೆಸುವವರ ಹೆಸರೇ ಇರಲಿಲ್ಲ.

ಓಡಿದೆ. ಮೂರನೆಯ ಮಹಡಿಗೆ ಹೋಗುವ ತಿರುವಿನಲ್ಲಿ ಅಜ್ಜಿ ಕೆಮ್ಮುತ್ತ, ಕಾಲು ಚಾಚಿ, ಕೂತುಕೊಂಡೇ ಒಂದೊಂದು ಮೆಟ್ಟಿಲು ಇಳಿಯುತ್ತಿದ್ದರು.

"ಮಕ್ಕಳೆಲ್ಲ ಇಳಿದ್ರಾ?"

ಇಳಿದರು ಎಂದೆ. ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದು ಗದರಿಯೂ ಬಿಟ್ಟೆ.

"ನಾನು ನಿಧಾನ ಅಲ್ವಾ ಮೇಷ್ಟ್ರೇ. ಮಧ್ಯದಲ್ಲಿ ಬಂದ್ರೆ ಅವರಿಗೆ ಅಡ್ಡ ಆಗ್ತೀನಿ ಅಂತ ಗೋಡೆ ಪಕ್ಕ ಕೂತಿದ್ದೆ."

ಸಹಿ ಹಾಕಿದ ಪಟ್ಟಿಯನ್ನು ಮುದುಡಿ ಜೇಬಿಗೆ ತುರುಕಿ, ಅವರನ್ನು ಬೆನ್ನ ಮೇಲೆ ಹೊತ್ತುಕೊಂಡೆ.